ರೋಗವಿಲ್ಲದ ಅಕ್ಕ

ಪ್ರತಿ ವರ್ಷ ಫೆಬ್ರವರಿಯ ಎರಡನೇ ವಾರದಲ್ಲಿ ಕೊಡೇಕಲ್ಲಿನ ಸಾಯಬಮ್ಮನಿಗೆ ಹೈದರಾಬಾದಿನಿಂದ ಒಂದು ಫೋನು ಬರುತ್ತಿತ್ತು. ಅವಳಿಗೆ ಫೋನು ಮಾಡುವವರೇ ಕಡಿಮೆ. ಮೀನಿನ ಗುತ್ತಿಗೆ ಹಿಡಿದಿದ್ದ ಪಂಪಣ್ಣ ಬೆಳಗಾದರೆ ಒಮ್ಮೆ ಮಾಡಿ, "ಇವತ್ತ ಮಾಲ್ ಅದ" ಎಂದೋ "ಇಲ್ಲ" ಎಂದೋ ಹೇಳಿ ಇಟ್ಟುಬಿಡುತ್ತಿದ್ದ. ಹೈದರಾಬಾದಿನ ಫೋನಿನಲ್ಲಿ ಮಾತ್ರ ಒಬ್ಬ ಹೆಣ್ಣುಮಗಳು ಅವಳ ಹೆಸರು ಹಿಡಿದು, ಅದಕ್ಕೊಂದು ಅಕ್ಕ ಸೇರಿಸಿ ಕರೆಯುತ್ತಿದ್ದಳು.

"ಸಾಯಬಮ್ಮಕ್ಕ, ನಾನ್ರಿ, ನಜೀಮಾ ಮಾತಾಡಾಕತ್ತೇನಿ. ಆರಾಮ ಇದ್ದೀರಿ?"

"ಆರಾಮ ಇದ್ದೇನವ್ವ."

"ನಿಮ್ಮ ರಕ್ತದ ತಾರೀಖು ಬಂತು ನೋಡ್ರಿ. ಯಾವತ್ತ ಬರ್ತೀರಿ?"

ಸಾಯಬಮ್ಮನಿಗೆ ಯಾವ ರೋಗವೂ ಇರಲಿಲ್ಲ. ಅವಳ ರಕ್ತ ಬೇಕಾಗಿದ್ದದ್ದು ಆ ಕಾರಣಕ್ಕೇ.

ಅವಳದು ಮೀನು ಹಿಡಿಯುವವರ ಮನೆ. ಅಪ್ಪ ಮೊದಲು ಕೃಷ್ಣೆಯ ಹರಿವಿನಲ್ಲಿ, ಅಣೆಕಟ್ಟು ಆದಮೇಲೆ ನಾರಾಯಣಪುರದ ಹಿನ್ನೀರಿನಲ್ಲಿ ಬಲೆ ಬೀಸಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ್ದ. ದೊಡ್ಡವಳಿಗೆ ಹರಕೆಯ ಹೆಸರು, ಸಾಯಬಮ್ಮ. ಐದು ವರ್ಷ ಬಿಟ್ಟು ಹುಟ್ಟಿದವಳಿಗೆ ಸುರಪುರದಲ್ಲಿ ಸಿನಿಮಾ ನೋಡಿ ಬಂದ ಹುರುಪಿನಲ್ಲಿ ಸುಮಲತಾ ಎಂದಿಟ್ಟ. ಸಾಯಬಮ್ಮನನ್ನು ಹತ್ತೊಂಬತ್ತಕ್ಕೆ ಯಾದಗಿರಿ ಮಗ್ಗುಲಿನ ಮುದನಾಳಕ್ಕೆ ಕೊಟ್ಟರು. ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದ. ಹೋಗು ಎಂದು ಯಾರೂ ಅನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಒಂದು ದಿನ ಬೆಳಿಗ್ಗೆ ಅವಳು ಎರಡು ಸೀರೆ ಗಂಟು ಕಟ್ಟಿಕೊಂಡು ಯಾದಗಿರಿ, ಶಹಾಪುರ, ಸುರಪುರ, ಹುಣಸಗಿ ಎಂದು ನಾಲ್ಕು ಕಡೆ ಬಸ್ಸು ಬದಲಿಸಿ ಕೊಡೇಕಲ್ಲಿಗೆ ಬಂದು ಇಳಿದಳು. ಅವ್ವ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಉಂಡೀಯೇನು?"

ಅಂದಿನಿಂದ ಅವಳ ತಲೆಯ ಮೇಲೆ ಮೀನಿನ ಬುಟ್ಟಿ ಬಂತು. ದಿನಾ ಹುಣಸಗಿಯ ಬಜಾರಿನಲ್ಲಿ ರೋಹು, ಕಟ್ಲಾ ಕೊಯ್ದು ಮಾರುವುದು, ಮಧ್ಯಾಹ್ನ ಬರಿಗೈಯಲ್ಲಿ ಬಸ್ಸು ಹತ್ತುವುದು. ಅಪ್ಪ ಹೋದ, ಅವ್ವ ಹೋದಳು, ಬುಟ್ಟಿ ಉಳಿಯಿತು.

ಸುಮಲತಾ ಹಾಗಲ್ಲ. ಅವಳು ಓದಿದವಳು, ಬಾಯಿ ಜೋರು. ಪಿಯುಸಿ ಮುಗಿಸಿ ಶಹಾಪುರದಲ್ಲಿ ಅಂಗನವಾಡಿ ಟೀಚರಾಗಿದ್ದಳು. ಅಲ್ಲಿಯೇ ಸುರಪುರ ರಸ್ತೆಯ ಮೇಲೆ ಟಯರಿನ ಅಂಗಡಿ ಇಟ್ಟಿದ್ದ ಬಸಲಿಂಗ ಅವಳ ಗಂಡ. ಅಕ್ಕನ ಬದುಕು ಹರಿದುಹೋದರೂ ತಂಗಿಯದು ಹೊಲಿಗೆ ಬಿಗಿಯಾಗಿದೆ ಎಂದು ಊರು ನೆಮ್ಮದಿಪಟ್ಟಿತ್ತು.

೨೦೧೪ರ ಶ್ರಾವಣದಲ್ಲಿ ಸುಮಲತಾಳಿಗೆ ಬಿಕ್ಕಳಿಕೆ ಹತ್ತಿತು. ಮೊದಲ ದಿನ ಎಲ್ಲರೂ ನಕ್ಕರು. ಯಾರೋ ನೆನೆಸುತ್ತಿದ್ದಾರೆ ಎಂದರು. ಮೂರನೇ ದಿನಕ್ಕೆ ಸಕ್ಕರೆ, ಜೇನುತುಪ್ಪ, ಉಸಿರು ಕಟ್ಟುವುದು ಎಲ್ಲ ಆಯಿತು. ಎಂಟನೇ ದಿನಕ್ಕೆ ತಿಂದದ್ದು ಒಂದೂ ನಿಲ್ಲದಂತೆ ವಾಂತಿ. ಗ್ಯಾಸ್ಟ್ರಿಕ್ ಎಂದು ಗುಳಿಗೆ ಕೊಟ್ಟರು. ಹದಿನೆಂಟು ದಿನ ಹೈರಾಣು ಮಾಡಿ ಅದು ತಾನಾಗಿಯೇ ನಿಂತುಹೋಯಿತು, ಎಲ್ಲರೂ ಮರೆತರು. ದೀಪಾವಳಿ ಹೊತ್ತಿಗೆ ಬಲಗಣ್ಣು ನೋಯತೊಡಗಿ ವಾರದಲ್ಲಿ ಕತ್ತಲಾಯಿತು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಹೋದವಳಿಗೆ ಸೊಂಟದಿಂದ ಕೆಳಗೆ ಕಾಲುಗಳು ಇವೆಯೋ ಇಲ್ಲವೋ ತಿಳಿಯಲಿಲ್ಲ.

ಬಿಕ್ಕಳಿಕೆ, ಕಣ್ಣು, ಕಾಲು ಮೂರೂ ಒಂದೇ ದಾರದಲ್ಲಿ ಪೋಣಿಸಿದ್ದು ಎಂದು ಮೊದಲು ಅನುಮಾನಪಟ್ಟವರು ಕಲಬುರಗಿಯ ಒಬ್ಬ ವಯಸ್ಸಾದ ಡಾಕ್ಟರು. ಅವರು ಹೈದರಾಬಾದಿನ ನರರೋಗದ ದವಾಖಾನೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ರಕ್ತ ನೋಡಿ ಹೆಸರು ಹೇಳಿದರು. ಹೆಸರು ಉದ್ದವಾಗಿತ್ತು, ಸಾಯಬಮ್ಮನ ನಾಲಿಗೆಗೆ ಒಗ್ಗಲಿಲ್ಲ. ಅರ್ಥವನ್ನು ಅಲ್ಲಿನ ದೊಡ್ಡ ಡಾಕ್ಟರಮ್ಮ ಸಮಾಧಾನವಾಗಿ ಬಿಡಿಸಿ ಹೇಳಿದರು. ಮಿದುಳಿನಲ್ಲಿ, ಬೆನ್ನುಹುರಿಯಲ್ಲಿ ನೀರು ಹೋಗಿಬರುವ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ. ಹೊರಗಿನ ರೋಗದಿಂದ ಮೈಯನ್ನು ಕಾಯಬೇಕಾದ ಶಕ್ತಿಯೇ ಆ ಬಾಗಿಲುಗಳನ್ನು ವೈರಿ ಎಂದು ತಪ್ಪು ತಿಳಿದು ಒಡೆಯುತ್ತದೆ. ಒಡೆದಲ್ಲಿ ಊತ ಬಂದು ನರ ಸಾಯುತ್ತದೆ. ಒಂದು ಸಲ ಬಂದು ಹೋಗುವುದಲ್ಲ, ಮತ್ತೆ ಮತ್ತೆ ಬರಬಹುದು; ಬರದಂತೆ ಔಷಧಿಯಿಂದ ತಡೆಯಬೇಕು.

"ಬ್ಯಾಲಿನ ಎದ್ದು ಹೊಲ ಮೇದಂಗ ಅನ್ರಿ," ಎಂದಳು ಸಾಯಬಮ್ಮ.

ಡಾಕ್ಟರಮ್ಮನ ಪಕ್ಕ ನಿಂತು ಮಾತು ದಾಟಿಸುತ್ತಿದ್ದ ತೆಳ್ಳನೆಯ ಹುಡುಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತು ನಕ್ಕುಬಿಟ್ಟಳು. ಆ ಹುಡುಗಿಯೇ ನಜೀಮಾ. ಕಲಬುರಗಿ ಕಡೆಯವಳು, ಸಂಶೋಧನೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದಳು.

ಬಸಲಿಂಗ ಹೆಂಡತಿಯನ್ನು ನಾಲ್ಕು ದಿನದ ಮಟ್ಟಿಗೆ ಎಂದು ಟೆಂಪೋದಲ್ಲಿ ಮಲಗಿಸಿಕೊಂಡು ಕೊಡೇಕಲ್ಲಿಗೆ ತಂದು ಬಿಟ್ಟ. ಆತ ಕೆಟ್ಟವನಲ್ಲ. ಮೊದಲ ವರ್ಷ ಪ್ರತಿ ಸೋಮವಾರ ಅಂಗಡಿ ಮುಚ್ಚಿ ಬರುತ್ತಿದ್ದ, ಬಾಳೆಹಣ್ಣು ತರುತ್ತಿದ್ದ, ಹಾಸಿಗೆಯ ಪಕ್ಕ ಕೂತು ಗೋಡೆ ನೋಡುತ್ತಿದ್ದ. ಆಮೇಲೆ ತಿಂಗಳಿಗೊಮ್ಮೆ ಆಯಿತು. ಆಮೇಲೆ ನಿಂತಿತು. ಆತನಿಗೆ ಇನ್ನೊಂದು ಮದುವೆಯಾಗಿ ಮಗಳು ಹುಟ್ಟಿದ್ದೂ ಅಕ್ಕತಂಗಿಯರಿಗೆ ತಿಳಿದದ್ದು ಶಹಾಪುರದಿಂದ ಬಂದ ಬಳೆಗಾರತಿಯ ಬಾಯಿಂದ.

ರೋಗದ ಹೆಸರು ತಿಳಿದ ಮರುವರ್ಷ ಹೈದರಾಬಾದಿಗೆ ಹೋದಾಗ ನಜೀಮಾ ಒಂದು ಹೊಸ ವಿಷಯ ತೆಗೆದಳು. ಈ ರೋಗದವರ ರಕ್ತವನ್ನು ಹತ್ತು ವರ್ಷ, ವರ್ಷಕ್ಕೊಮ್ಮೆ ತೆಗೆದು ನೋಡುವ ಅಧ್ಯಯನ ಶುರುವಾಗುತ್ತಿದೆ. ಬರೀ ರೋಗಿಯದು ನೋಡಿದರೆ ಸಾಲದು. ಅದರ ಪಕ್ಕದಲ್ಲಿಟ್ಟು ಹೋಲಿಸಲು ರೋಗವಿಲ್ಲದವರ ರಕ್ತವೂ ಬೇಕು. ಒಂದೇ ತಾಯಿಯ ಹೊಟ್ಟೆ, ಒಂದೇ ಊರಿನ ನೀರು, ಒಂದೇ ಗಡಿಗೆಯ ಅನ್ನ ಆಗಿದ್ದರೆ ಇನ್ನೂ ಒಳ್ಳೆಯದು.

"ನನ್ನ ರಕ್ತದಾಗ ಏನ್ ಹುಡುಕ್ತೀರಿ?" ಎಂದು ಸಾಯಬಮ್ಮ ಕೇಳಿದಳು.

"ನಿಮಗ ಯಾಕ ಬರಲಿಲ್ಲ ಅನ್ನೋದು, ಅಕ್ಕ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತು. ತನಗೂ ಅದೇ ತಿಳಿಯಬೇಕಾಗಿತ್ತು. ಓದಿದವಳು, ಗಂಡನಿದ್ದವಳು, ನಗುವವಳು ಹಾಸಿಗೆ ಹಿಡಿದಳು. ಯಾರಿಗೂ ಬೇಡವಾದ ತಾನು ಕಲ್ಲಿನ ಹಾಗೆ ಗಟ್ಟಿಯಾಗಿ ಇದ್ದೇನೆ. ಯಾಕೆ? ಅವಳು ತೋಳು ಚಾಚಿದಳು. ಸುಮಲತಾ ಪಕ್ಕದ ಗಾಲಿಕುರ್ಚಿಯಿಂದ, "ತಗೀರಿ, ಜರಾ ಜಾಸ್ತಿನ ತಗೀರಿ. ಮೀನ್ ತಿಂದು ತಿಂದು ಭಾಳ ಅದ ಆಕಿಗಿ," ಎಂದಳು.

ಹಾಗೆ ಶುರುವಾಯಿತು. ಪ್ರತಿ ಫೆಬ್ರವರಿ ಇಬ್ಬರೂ ಕೂಡಿ ಹೋಗುವುದು. ಯಾದಗಿರಿಯಲ್ಲಿ ಬಸ್ಸು ಬದಲಿಸಿ ಗುರುಮಠಕಲ್ ಮೇಲೆ ಹಾದು, ಹೊರಗಿನ ಬೋರ್ಡುಗಳು ಕನ್ನಡದಿಂದ ತೆಲುಗಿಗೆ ಹೊರಳುವ ಜಾಗದಲ್ಲಿ ಸುಮಲತಾ, "ಮುಗೀತವ್ವ ನನ್ನ ಓದು, ಇಲ್ಲಿಂದ ನಾನೂ ನಿನ್ನಂಗ ಅನಪಢ," ಎನ್ನುವುದು. ಔಷಧಿಯಿಂದ ಕಾಲಿಗೆ ಸ್ವಲ್ಪ ಜೀವ ಬಂದಿತ್ತು. ಗೋಡೆ ಹಿಡಿದು ಬಚ್ಚಲಿನವರೆಗೆ ಹೋಗುತ್ತಿದ್ದಳು. ಎಡಗಣ್ಣು ಚೆನ್ನಾಗಿತ್ತು.

ಆ ಎಡಗಣ್ಣಿನಿಂದ ಅವಳು ಮೀನು ಕಟ್ಟಲೆಂದು ತಂದ ರದ್ದಿ ಪೇಪರನ್ನೆಲ್ಲ ಓದುತ್ತಿದ್ದಳು. ಸಾಯಬಮ್ಮ ಒಲೆ ಮುಂದೆ ರೊಟ್ಟಿ ಬಡಿಯುವಾಗ ಹಿಂದಿನಿಂದ ಓದು ಕೇಳಿಬರುತ್ತಿತ್ತು. ಹರಿದ ಪೇಪರು, ಸುದ್ದಿ ಅರ್ಧಕ್ಕೆ ನಿಲ್ಲುತ್ತಿತ್ತು. ಮಿಕ್ಕದ್ದನ್ನು ಅವಳು ತಾನೇ ಕಟ್ಟಿ ಹೇಳುತ್ತಿದ್ದಳು. ಕಳ್ಳ ಸಿಕ್ಕನೋ ಇಲ್ಲವೋ, ಓಡಿಹೋದ ಜೋಡಿ ಎಲ್ಲಿ ಮನೆ ಮಾಡಿತು, ಎಲ್ಲ. ಸಾಯಬಮ್ಮ ನಂಬಿ ಕೇಳಿ, ಮರುದಿನ ಬಜಾರಿನಲ್ಲಿ ಅದನ್ನೇ ಸುದ್ದಿ ಎಂದು ಹೇಳಿ ನಗೆಗೀಡಾಗಿ ಬಂದು ತಂಗಿಯ ಮೇಲೆ ಕೂಗಾಡುತ್ತಿದ್ದಳು. ತಂಗಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಸಾರಿಗೆ ಹುಳಿ ಹೆಚ್ಚಾಯಿತೆಂದು ಜಗಳ, ಕೂದಲು ಜಗ್ಗಿ ಬಾಚಿದಳೆಂದು ಜಗಳ, ಯಾರು ಮೊದಲು ಸಾಯಬೇಕೆಂದೂ ಜಗಳ. ಮುದನಾಳದ ನಾಲ್ಕು ವರ್ಷದಲ್ಲಿ ಗಂಡನೊಡನೆ ಆಡದಷ್ಟು ಮಾತನ್ನು ಸಾಯಬಮ್ಮ ಇಲ್ಲಿ ಒಂದು ವಾರದಲ್ಲಿ ಆಡುತ್ತಿದ್ದಳು. ಮಧ್ಯಾಹ್ನದ ಬಸ್ಸು ತಡವಾದರೆ ಈಗ ಅವಳಿಗೆ ಸಿಟ್ಟು ಬರುತ್ತಿತ್ತು. ಮೊದಲು ಬರುತ್ತಿರಲಿಲ್ಲ.

೨೦೨೧ರ ಕಾರ್ತಿಕದಲ್ಲಿ ರೋಗ ಕತ್ತಿನ ಹತ್ತಿರ ಮರಳಿ ಎದ್ದಿತು. ಎರಡೇ ದಿನದಲ್ಲಿ ಕೈಗಳು ಸೋತವು, ಉಸಿರು ಸಣ್ಣದಾಯಿತು. ಕಲಬುರಗಿಯಲ್ಲಿ ಮೂರು ದಿನ ಯಂತ್ರದ ಮೇಲಿದ್ದು ಸುಮಲತಾ ತೀರಿಕೊಂಡಳು. ಮಣ್ಣಿಗೆ ಬಸಲಿಂಗ ಬಂದಿದ್ದ. ಎಲ್ಲರಿಗಿಂತ ಹಿಂದೆ ನಿಂತು, ಒಂದು ಹಿಡಿ ಮಣ್ಣು ಹಾಕಿ, ಊಟಕ್ಕೆ ನಿಲ್ಲದೆ ಹೋದ.

ಮನೆ ಮೊದಲಿನಂತಾಯಿತು. ಬುಟ್ಟಿ, ಬಜಾರು, ಬಸ್ಸು. ಪಕ್ಕದ ಮನೆಯ ರೇಣುಕಾದೇವಿ ಒಂದು ತಿಂಗಳು ಸಂಜೆ ಬಂದು ಕೂತು ಹೋದಳು. "ಪಾಪ, ನಿನಗೂ ಆರು ವರ್ಷ ಸೇವಾ ಮಾಡಿ ಸಾಕಾಗಿತ್ತು. ಆಕಿಗೂ ಬಿಡುಗಡಿ ಆಯ್ತು, ನಿನಗೂ ಆಯ್ತು," ಎಂದಳು. ಸಾಯಬಮ್ಮ ಹೂಂ ಎಂದಳು. ರದ್ದಿ ಪೇಪರನ್ನು ಈಗ ಬಜಾರಿನಲ್ಲಿಯೇ ಬಿಟ್ಟುಬರುತ್ತಿದ್ದಳು.

ಫೆಬ್ರವರಿಯಲ್ಲಿ ಫೋನು ಬಂತು.

"ಸಾಯಬಮ್ಮಕ್ಕ, ನಾನ್ರಿ, ನಜೀಮಾ. ಇಬ್ಬರೂ ಆರಾಮ ಇದ್ದೀರಿ?"

"ಆಕಿ ಹೋದ್ಲವ್ವ."

ಆಚೆ ನಜೀಮಾ ಮೂಗು ಒರೆಸಿಕೊಂಡದ್ದು ಕೇಳಿಸಿತು. ಸಾಯಬಮ್ಮನೇ ಕೇಳಿದಳು, "ಹಂಗಾರ ನಂದೂ ಬ್ಯಾಡೇನು ಇನ್ನ?"

"ಬೇಕಕ್ಕ. ನಿಮ್ಮದು ಹತ್ತು ವರ್ಷ ತಗೀಬೇಕಂತ ಬರದದ. ನಿಮಗ ಮನಸ್ಸಿದ್ರ ಬರ್ರಿ, ಇಲ್ಲಂದ್ರ ಇಲ್ಲ."

ಅವಳು ಹೋದಳು. ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡು, ಬೋರ್ಡುಗಳು ತೆಲುಗಿಗೆ ಹೊರಳಿದ್ದನ್ನು ತಾನೊಬ್ಬಳೇ ನೋಡಿದಳು. ದವಾಖಾನೆಯಲ್ಲಿ ನಜೀಮಾ ಎಂದಿನ ಫಾರ್ಮು ಹಿಡಿದು ಎಂದಿನ ಪ್ರಶ್ನೆ ಕೇಳಿದಳು. ಕಣ್ಣು ಮಸುಕಾಗಿತ್ತೇ? ಇಲ್ಲ. ಕೈಕಾಲು ಜೋಮು ಹಿಡಿದಿತ್ತೇ? ಇಲ್ಲ. ಮೂತ್ರಕ್ಕೆ ತೊಂದರೆ? ಇಲ್ಲ. ವಾರಕ್ಕಿಂತ ಹೆಚ್ಚು ದಿನ ಬಿಕ್ಕಳಿಕೆ? ಇಲ್ಲ. ಇಪ್ಪತ್ಮೂರು ಪ್ರಶ್ನೆಗೆ ಇಪ್ಪತ್ಮೂರು ಇಲ್ಲ. ಕೊನೆಗೆ ನಜೀಮಾ "ಆರೋಗ್ಯವಂತರು" ಎಂಬುದಕ್ಕೆ ಗುರುತು ಹಾಕಿ ಪೆನ್ನಿನ ಮುಚ್ಚಳ ಹಾಕಿದಳು. ಸಾಯಬಮ್ಮ ಆ ಗುರುತನ್ನೇ ನೋಡುತ್ತ ಕೂತಿದ್ದಳು. ಹಿಂತಿರುಗುವ ಬಸ್ಸಿಗೆ ಇನ್ನೂ ನಾಲ್ಕು ತಾಸಿತ್ತು. ಕಾರಿಡಾರಿನ ಬೆಂಚಿನ ಮೇಲೆ ಬೇರೆ ಊರಿನ ರೋಗಿಗಳ ನಡುವೆ ಅವಳು ಆ ನಾಲ್ಕು ತಾಸು ಕಳೆದಳು. ಅಲ್ಲಿ ಯಾರಾದರೂ, "ನಿಮಗೇನಾಗ್ಯಾದ?" ಎಂದು ಕೇಳುತ್ತಿದ್ದರು. "ನಂಗಲ್ರಿ, ನಮ್ಮ ತಂಗಿಗಿ," ಎಂದು ಅವಳು ಎಲ್ಲ ಮೊದಲಿನಿಂದ ಹೇಳುತ್ತಿದ್ದಳು. ಕೊನೆಯನ್ನು ಮಾತ್ರ ಹೇಳುತ್ತಿರಲಿಲ್ಲ. ಸಂಕಟದಲ್ಲಿದ್ದವರ ಮುಂದೆ ಅದನ್ನು ಹೇಳಬಾರದು ಎಂಬಷ್ಟು ಅವಳಿಗೆ ತಿಳಿದಿತ್ತು. ಹೀಗಾಗಿ ಆ ಬೆಂಚಿನ ಮೇಲೆ ಸುಮಲತಾ ಇನ್ನೂ ಬದುಕಿದ್ದಳು.

ಅದರ ಮರುವರ್ಷ ಹುಣಸಗಿ ಬಜಾರಿನಲ್ಲಿ ಒಂದು ಪ್ರಸಂಗ ನಡೆಯಿತು. ಸಾಯಬಮ್ಮನ ಪಕ್ಕದಲ್ಲಿ ಕೂತು ತತ್ತಿ ಮಾರುವ ಶರೀಫಾಬೀಯ ಮಗಳಿಗೆ ಆರು ದಿನದಿಂದ ಬಿಕ್ಕಳಿಕೆ ಎಂದು ಕಿವಿಗೆ ಬಿತ್ತು. ಸಾಯಬಮ್ಮನ ಕೈಲಿದ್ದ ಮೀನು ಕೆಳಗೆ ಬಿತ್ತು. ಅಂದೇ ಅಂಗಡಿ ಎತ್ತಿ, ಅವರ ಮನೆಗೆ ಹೋಗಿ, ಹುಡುಗಿಯ ಕಣ್ಣು ಅಗಲಿಸಿ ನೋಡಿ, ಗೋಗರೆದು, ಬೈದು, ಕೊನೆಗೆ ತಾಯಿ ಮಗಳನ್ನು ಯಾದಗಿರಿಗೂ ಅಲ್ಲಿಂದ ಕಲಬುರಗಿಗೂ ಹೊರಡಿಸಿದಳು. ತಾನೂ ಹೋದಳು. ಸ್ಕ್ಯಾನು ಆಯಿತು, ರಕ್ತ ಆಯಿತು. ಏನೂ ಇರಲಿಲ್ಲ. ಉಪವಾಸದ ಮೇಲೆ ಖಾರ ತಿಂದು ಹೊಟ್ಟೆಯಲ್ಲಿ ಉರಿ ಎದ್ದಿತ್ತು, ಅಷ್ಟೇ. ಎರಡು ದಿನದಲ್ಲಿ ನಿಂತಿತು.

ಶರೀಫಾಬೀ ಬೈಯಲಿಲ್ಲ, "ಅಲ್ಲಾ ದೊಡ್ಡಾವ, ಏನೂ ಇಲ್ಲಂದ್ರಲ್ಲ, ಅದ ಸಾಕು," ಎಂದಳು. ಆದರೆ ಬಜಾರು ಬಿಡಲಿಲ್ಲ. ಸಾಯಬಮ್ಮ ಕಂಡರೆ ಬೇಕೆಂದೇ ಬಿಕ್ಕಿ, "ಡಾಕ್ಟರಮ್ಮ, ಜರಾ ನೋಡ್ರಿ," ಎನ್ನತೊಡಗಿದರು. ಅವಳೂ ಅವರ ಜೊತೆ ನಕ್ಕಳು. ಹುಡುಗಿಗೆ ಏನೂ ಇಲ್ಲ ಎಂದಾಗ ತನ್ನಷ್ಟು ಖುಷಿಪಟ್ಟವರು ಯಾರೂ ಇರಲಿಕ್ಕಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಮೆಲ್ಲಗೆ ಜನ ಅವಳ ಎದುರು ನೆಗಡಿ ಕೆಮ್ಮಿನ ಮಾತು ಎತ್ತುವುದನ್ನೂ ಬಿಟ್ಟರು. ಅವಳು ಬಂದರೆ ಮಾತು ಮಳೆ ಬೆಳೆಯ ಕಡೆ ತಿರುಗುತ್ತಿತ್ತು.

ಹೀಗೆ ೨೦೨೫ ಬಂತು. ಆ ಸಲದ ಫೋನಿನಲ್ಲಿ ನಜೀಮಾಳ ದನಿ ಬೇರೆಯಾಗಿತ್ತು.

"ಅಕ್ಕ, ಇದು ಹತ್ತನೇ ವರ್ಷ. ಇದಾದ ಮ್ಯಾಲ ಮುಗೀತು. ಏನ್ ಸಿಕ್ಕದ ಅಂತ ಡಾಕ್ಟರು ಎಲ್ಲರನ್ನೂ ಕೂಡಿಸಿ ಹೇಳ್ತಾರ."

"ಮುಗೀತಂದ್ರ? ನಮ್ಮಿಬ್ಬರ ರಕ್ತ ಏನ್ ಮಾಡ್ತೀರಿ?"

"ಅದನ್ನ ಕೇಳಾಕ ಮಾಡೀನಿ. ಇನ್ನೂ ಹದಿನೈದು ವರ್ಷ ಇಡಬೇಕಂದ್ರ ಹೊಸಾ ದಸ್ಕತ್ತು ಬೇಕು. ಇಲ್ಲಂದ್ರ ಸುಟ್ಟು ಹಾಕ್ತಾರ. ನಿಮ್ಮದಕ್ಕ ನೀವು ಮಾಡಬಹುದು. ಸುಮಕ್ಕಂದಕ್ಕ..." ನಜೀಮಾ ತಡೆದಳು. "ಕಾಗದದ ಪ್ರಕಾರ ಗಂಡ ಮಾಡಬೇಕು."

ಅಂಚೆಯಲ್ಲಿ ಫಾರ್ಮು ಬಂತು. ಸಾಯಬಮ್ಮ ಅದನ್ನು ಮೂರು ದಿನ ಗೂಡಿನಲ್ಲಿ ಇಟ್ಟಳು. ನಾಲ್ಕನೇ ದಿನ ಶಹಾಪುರದ ಬಸ್ಸು ಹತ್ತಿದಳು.

ಸುರಪುರ ರಸ್ತೆಯ ಟಯರಿನ ಅಂಗಡಿ ಅಲ್ಲಿಯೇ ಇತ್ತು, ಹಿಂದೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಬಸಲಿಂಗ ನೆಲದ ಮೇಲೆ ಕೂತು ಟ್ಯೂಬು ನೀರಿನಲ್ಲಿ ಅದ್ದುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ಅವಳನ್ನು ಕಂಡದ್ದೇ ಎದ್ದು ನಿಂತ. ಎದ್ದವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಒಂದೇ ಇದ್ದ ಸ್ಟೂಲನ್ನು ಅಂಗಿಯ ತೋಳಿನಿಂದ ಒರೆಸಿ ಇಟ್ಟ.

"ಬರ್ರಿ ಅಕ್ಕ. ಕೂಡ್ರಿ."

ಅವಳು ಕೂತು ಕಾಗದ ಕೊಟ್ಟಳು. ಆತ ಬೆರಳ ತುದಿಯಲ್ಲಿ ಹಿಡಿದು ನಿಧಾನವಾಗಿ ಓದಿದ. ಹೆಂಡತಿಯ ಹೆಸರು ಬಂದಲ್ಲಿ ನಿಂತು ಮತ್ತೆ ಮೊದಲಿನಿಂದ ಓದಿದ.

"ಆಕಿ ರಕ್ತ ಇನ್ನೂ ಅದ ಏನ್ರಿ?"

"ಅದ. ಬರ್ಫದಾಗ ಇಟ್ಟಾರ."

"ಎಷ್ಟದ?"

"ಆರು ಸಲ ತಗದಿದ್ದು. ಸಣ್ಣ ಸಣ್ಣ ಸೀಸೆ ಅಂತ."

ಬಸಲಿಂಗ ಕಾಗದವನ್ನು ಅವಳ ತೊಡೆಯ ಮೇಲಿಟ್ಟು ಹಿಂದಕ್ಕೆ ಹೋದ. ಸೀಮೆಎಣ್ಣೆಯಿಂದ ಕೈ ತಿಕ್ಕಿದ, ಸಾಬೂನಿನಿಂದ ತೊಳೆದ, ನೋಡಿಕೊಂಡು ಇನ್ನೊಮ್ಮೆ ತೊಳೆದ. ಬಂದು ದಸ್ಕತ್ತು ಮಾಡಿದ. ಆದರೂ ಕಾಗದದ ಅಂಚಿಗೆ ಹೆಬ್ಬೆಟ್ಟಿನ ಕಪ್ಪು ಕೂತಿತು. ಅದನ್ನು ಕಂಡು ಆತನ ಮುಖ ಸಣ್ಣದಾಯಿತು.

"ನಡೀತದ ಬಿಡು," ಎಂದಳು ಸಾಯಬಮ್ಮ.

ಬಸ್ಸುಗಳು ಹೋದವು, ಒಂದು ಟ್ರ್ಯಾಕ್ಟರು ಹತ್ತಿಯ ಮೂಟೆ ಹೇರಿಕೊಂಡು ಹೋಯಿತು. ಬಸಲಿಂಗ ನೆಲ ನೋಡುತ್ತ ಕೇಳಿದ, "ನಾ ಬರೋದು ಬಿಟ್ಟೆ ಅಂತ ನಿಮಗ ಸಿಟ್ಟದ?"

"ಇತ್ತು."

"ಆಕಿಗಿ?"

ಸಾಯಬಮ್ಮ ಸುಳ್ಳು ಹೇಳಬಹುದಿತ್ತು. "ಆಕಿ ನಿನ್ನ ಬೈತಿದ್ಲು," ಎಂದಳು. "ಬಾಯಿ ತುಂಬ ಬೈತಿದ್ಲು. ಸೋಮವಾರ ಬಂತಂದ್ರ ಜಾಸ್ತಿ."

ಬಸಲಿಂಗ ನಕ್ಕ. ಟ್ಯೂಬಿನ ನೀರಿನ ಬೋಗುಣಿಯ ಕಡೆ ತಿರುಗಿ ಮುಖ ತೊಳೆದುಕೊಂಡ. ಅವಳು ಏಳುವಾಗ ಆತ, "ಅವರಿಗಿ ಏನರ ತಿಳದದ ಏನ್ರಿ? ಯಾಕ ಬಂತು ಅಂತ?" ಎಂದು ಕೇಳಿದ.

"ಹೋಗಿ ಕೇಳ್ತೀನಿ."

"ಬರೋ ಮುಂದ ಇಲ್ಲಿ ಇಳದು ಹೇಳ್ರಿ ಅಕ್ಕ. ಇಟ್ಟರೋ ಇಲ್ಲೋ ಅನ್ನೋದರ ಹೇಳ್ರಿ."

ಹೈದರಾಬಾದಿನಲ್ಲಿ ಈ ಸಲ ಸಣ್ಣದೊಂದು ಸಭೆ. ಇಪ್ಪತ್ತು ಮೂವತ್ತು ಜನ. ಕೋಲು ಹಿಡಿದವರು, ಕಪ್ಪು ಕನ್ನಡಕದವರು, ಅವರ ಪಕ್ಕದಲ್ಲಿ ಅವರದೇ ಮೂಗು ಹಣೆಯ ಅಣ್ಣತಮ್ಮ ಅಕ್ಕತಂಗಿಯರು. ಡಾಕ್ಟರಮ್ಮ ತೆಲುಗಿನಲ್ಲೂ ಉರ್ದುವಿನಲ್ಲೂ ಹೇಳಿದರು. ನಜೀಮಾ ಸಾಯಬಮ್ಮನ ಕಿವಿಯ ಹತ್ತಿರ ಕನ್ನಡ ಮಾಡಿದಳು. ಸಿಕ್ಕದ್ದು ಒಂದು ಸುಳಿವು ಮಾತ್ರ. ಮೈಕಾಯುವ ಶಕ್ತಿಗೆ ಎಲ್ಲಿ ನಿಲ್ಲಬೇಕೆಂದು ಹೇಳುವ ಕಣಗಳಲ್ಲಿ ರೋಗಿಗೂ ರೋಗವಿಲ್ಲದವರಿಗೂ ಏನೋ ಫರಕು ಇರುವಂತಿದೆ. ಅದು ರೋಗಕ್ಕೆ ಕಾರಣವೋ, ರೋಗದಿಂದಾದದ್ದೋ ಇನ್ನೂ ತಿಳಿಯದು. ಬೇರೆಯವರು ಬೇರೆ ಕಡೆ ಮತ್ತೆ ನೋಡಬೇಕು.

ಆಮೇಲೆ ಪರದೆಯ ಮೇಲೆ ಒಂದು ಚಿತ್ರ ಬಂತು. ಎಡಕ್ಕೆ ಕೆಂಪು ಚುಕ್ಕಿಗಳು, ರೋಗಿಗಳದು. ಬಲಕ್ಕೆ ನೀಲಿ ಚುಕ್ಕಿಗಳು, ರೋಗವಿಲ್ಲದವರದು. ಪ್ರತಿ ಕೆಂಪಿನಿಂದ ಅದರ ಜೋಡಿಯಾದ ನೀಲಿಗೆ ಒಂದು ತೆಳು ಗೆರೆ.

ಸಾಯಬಮ್ಮ ಎದ್ದು ನಿಂತಳು. ಅವಳು ಸಭೆಯಲ್ಲಿ ಎಂದೂ ಎದ್ದವಳಲ್ಲ. "ನಮ್ಮ ಗೆರಿ ಯಾವುದ್ರಿ?"

ನಜೀಮಾ ದಾಟಿಸಿದಳು. ಡಾಕ್ಟರಮ್ಮ ಕನ್ನಡಕ ತೆಗೆದರು. ಯಾರ ರೋಗ ಯಾರದೆಂದು ಹೊರಬೀಳಬಾರದೆಂದು ಹೆಸರು ಅಳಿಸಿ ಲೆಕ್ಕ ಮಾಡಿದ್ದೇವೆ, ನನಗೂ ಗೊತ್ತಿಲ್ಲ, ಕ್ಷಮಿಸಿ ಎಂದರು. ಸಾಯಬಮ್ಮ ನಿಂತೇ ಇದ್ದಳು. ಕೆಲವು ಗೆರೆ ಗಿಡ್ಡ, ಕೆಲವು ಉದ್ದ, ಒಂದೆರಡು ಉಳಿದವುಗಳ ಮೇಲೆ ಅಡ್ಡ ಹಾದಿದ್ದವು. ಒಂದಾದ ಮೇಲೊಂದು ಎಲ್ಲವನ್ನೂ ನೋಡಿದಳು. ಚಿತ್ರ ಬದಲಾಯಿತು, ಅವಳು ಕೂತಳು.

ಸಭೆ ಮುಗಿದ ಮೇಲೆ ನಜೀಮಾ ಇಬ್ಬರ ಫಾರ್ಮನ್ನೂ ಕಡತಕ್ಕೆ ಸೇರಿಸಿ ಅವಳನ್ನು ಹಿಂಬದಿಯ ಕೋಣೆಗೆ ಕರೆದೊಯ್ದಳು. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಒಳಗೆ ಗುಂಯ್ ಎನ್ನುವ ಸದ್ದು. ದಪ್ಪ ಕೈಗವಸು ತೊಟ್ಟು ಬಾಗಿಲು ತೆರೆದಾಗ ಬಿಳಿ ಹೊಗೆ ಹೊರಬಿತ್ತು. ಒಂದು ಚೌಕದ ಡಬ್ಬಿಯನ್ನು ಅರ್ಧ ಎಳೆದು, "ಇದರಾಗ ನೋಡ್ರಿ ಅಕ್ಕ, ಈ ಸಾಲು ಸುಮಕ್ಕಂದು, ಇದರ ಬಾಜೂದ್ದು ನಿಮ್ಮದು," ಎಂದು ತೋರಿಸಿ, ಹಿಂದಕ್ಕೆ ತಳ್ಳಿ ಬಾಗಿಲು ಹಾಕಿದಳು. ಎಣಿಸಲೂ ಪುರುಸೊತ್ತಾಗಲಿಲ್ಲ. ಸಾಯಬಮ್ಮ ಬಾಗಿಲಿಗೆ ಅಂಗೈ ಊರಿ ನಿಂತಳು. ಹೊರಮೈ ಬೆಚ್ಚಗಿತ್ತು, ಅದು ಅವಳಿಗೆ ಆಶ್ಚರ್ಯವಾಯಿತು.

"ನಜೀಮಾ."

"ಹೇಳ್ರಿ ಅಕ್ಕ."

"ಆಕಿ ಹಾಸಿಗಿ ಹಿಡದ ಆರು ವರ್ಷ ನಾ ಭಾಳ ಸುಖದಾಗಿದ್ದೆ. ಯಾರಿಗೂ ಹೇಳಿಲ್ಲ. ಆಕಿಗಿ ಬಂದದ್ದಕ್ಕ ನಂಗ ಜೋಡಿ ಸಿಕ್ತು."

ಈಗ ನಜೀಮಾಳ ಕೈಯಲ್ಲಿ ಯಾವ ಫಾರ್ಮೂ ಇರಲಿಲ್ಲ. ಅವಳು ದಪ್ಪ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟಳು. "ಆಕಿಗೂ ಗೊತ್ತಿತ್ತಕ್ಕ," ಎಂದಳು. "ಒಮ್ಮೆ ನೀವು ಚಾ ತರಾಕ ಹೋದಾಗ ಅಂದಿದ್ಲು. ನಮ್ಮಕ್ಕ ನಗೋದು ಕಲತಾಳ, ನಂಗ ಇಷ್ಟ ಸಾಕು ಅಂತ."

ಇದು ನಿಜವಾಗಿ ಸುಮಲತಾ ಆಡಿದ ಮಾತೋ, ನಜೀಮಾ ಆ ಗಳಿಗೆಗೆ ಕಟ್ಟಿ ಹೇಳಿದ್ದೋ, ಸಾಯಬಮ್ಮ ಕೇಳಲಿಲ್ಲ. ನಜೀಮಾಳ ಕೆಲಸವೂ ಅಧ್ಯಯನದ ಜೊತೆ ಮುಗಿಯುತ್ತಿತ್ತು. ಮಾರ್ಚಿಗೆ ಗಂಡನೊಡನೆ ಪುಣೆಗೆ ಹೋಗುವುದಿತ್ತು. ಈ ಫೋನು ದವಾಖಾನೆಯದು, ವಾಪಸು ಕೊಡಬೇಕು ಎಂದಳು. ಹೊಸ ನಂಬರು ಆದ ಮೇಲೆ ಮಾಡುತ್ತೇನೆ ಎಂದೂ ಹೇಳಿದಳು. ಮಾಡು ಎಂದಳು ಸಾಯಬಮ್ಮ.

ಮರುದಿನ ಯಾದಗಿರಿಯಲ್ಲಿ ಬಸ್ಸು ಬದಲಿಸಿ, ಶಹಾಪುರ ಬಂದಾಗ ಅವಳು ಇಳಿದಳು. ಸುರಪುರ ರಸ್ತೆಯವರೆಗೆ ಬಿಸಿಲಲ್ಲಿ ನಡೆದಳು. ಟಯರಿನ ಅಂಗಡಿಯ ಶಟರು ಹಾಕಿತ್ತು. ಪಕ್ಕದ ಚಹಾದಂಗಡಿಯಲ್ಲಿ ರಂಗಣ್ಣ ಎಂಬ ಮುದುಕ ಪಾತ್ರೆ ಉಜ್ಜುತ್ತಿದ್ದ.

"ಬಸಲಿಂಗ ಇಲ್ಲೇನ್ರಿ?"

"ಮಗಳಿಗಿ ಆರಾಮಿಲ್ಲಂತ ದವಾಖಾನಿಗಿ ಹೋಗ್ಯಾನ. ಜ್ವರ ಅಷ್ಟ. ಸಂಜಿಕ ಬರ್ತಾನ. ಏನ್ ಕೆಲಸಿತ್ತು?"

ಅವಳು ಶಟರಿನ ಮುಂದಿನ ಕಟ್ಟೆಯ ಮೇಲೆ ಕೂತಳು. ಒಂದು ಬಸ್ಸು ಬಿಟ್ಟಳು, ಇನ್ನೊಂದು ಬಿಟ್ಟಳು. ರಂಗಣ್ಣ ಕೇಳದೆಯೇ ಒಂದು ಚಹಾ ತಂದುಕೊಟ್ಟ. ಕುಡಿದು ಲೋಟ ತೊಳೆದು ಕೊಟ್ಟಳು. ಸಂಜೆಯ ತನಕ ಕೂತರೆ ಕೊಡೇಕಲ್ಲಿಗೆ ಬಸ್ಸಿಲ್ಲ.

"ಆತ ಬಂದ್ರ ಒಂದ್ ಮಾತು ಹೇಳ್ತೀರೇನ್ರಿ?"

"ಏನಂತ?"

"ಇಟ್ಟಾರ ಅಂತ ಹೇಳ್ರಿ."

"ಏನ್ ಇಟ್ಟಾರ?"

"ಅಷ್ಟ ಹೇಳ್ರಿ, ಆತಗ ತಿಳೀತದ. ಇಬ್ಬರದೂ ಬಾಜೂಬಾಜೂಕ ಇಟ್ಟಾರ ಅಂತ."

ರಂಗಣ್ಣ ಆ ಮಾತನ್ನು ಒಮ್ಮೆ ತಾನೇ ಅಂದು ನೋಡಿಕೊಂಡು ತಲೆ ಆಡಿಸಿದ. ಹುಣಸಗಿಯ ಬಸ್ಸು ಬಂತು. ಸಾಯಬಮ್ಮ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸುರಪುರ ದಾಟುವ ಹೊತ್ತಿಗೆ ಪಂಪಣ್ಣ ಫೋನು ಮಾಡಿ, ನಾಳೆ ಮಾಲ್ ಅದ ಎಂದ.

"ಬರ್ತೀನಿ," ಎಂದಳು. ಇನ್ನೇನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಆತ ಇಟ್ಟಿದ್ದ.